ಬಕೆಟ್ಟಿನಲ್ಲಿದ್ದ ಪಾಚಿ ಮೀನು

ಬನಹಟ್ಟಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ನಾಲ್ಕು ಪವರ್‌ಲೂಮ್‌ಗಳಿದ್ದವು. ಅವು ಓಡುವಾಗ, ಮಹಡಿಯ ಮೇಲೆ ನಾನಿಟ್ಟಿದ್ದ ಗಾಜಿನ ತೊಟ್ಟಿಯ ನೀರು ಸಣ್ಣಗೆ ನಡುಗುತ್ತಿತ್ತು. ಅದರಲ್ಲಿದ್ದ ಏಂಜೆಲ್, ಗಪ್ಪಿ ಮೀನುಗಳು ಆ ನಡುಕಕ್ಕೆ ಒಗ್ಗಿಕೊಂಡಿದ್ದವು. ಕಿಟಕಿಯ ಬಿಸಿಲಿಗೆ ಗಾಜಿನ ತುಂಬ ಹಸಿರು ಪಾಚಿ ಕಟ್ಟತೊಡಗಿದಾಗ ಬೆಳಗಾವಿಯಿಂದ ಬೆರಳುದ್ದದ ಒಂದು ಸಕ್ಕರ್ ಮೀನು ತಂದೆ. ಕಪ್ಪು ಮೈ, ಗಟ್ಟಿ ಕವಚ, ಹೊಟ್ಟೆಯ ಕಡೆಗೆ ಬಾಯಿ. ಆ ಬಾಯಿಯನ್ನು ಗಾಜಿಗೆ ಅಂಟಿಸಿ ಪಾಚಿ ಕೆರೆಯುತ್ತ ಮೇಲೇರುತ್ತಿತ್ತು.

ಎರಡು ವರ್ಷದಲ್ಲಿ ಅದು ಗೇಣುದ್ದ ಬೆಳೆಯಿತು. ಒಮ್ಮೆ ಮುಚ್ಚಳದ ಗಾಜು ನನ್ನ ಕೈಜಾರಿ ಬಿದ್ದು ಅದರ ಎಡಗಣ್ಣು ಹೋಯಿತು. ತೊಟ್ಟಿಯ ಪಾಚಿ ಅದಕ್ಕೆ ಸಾಲದಾಯಿತು. ಉಳಿದಿದ್ದನ್ನೂ ನನ್ನ ಹೆಂಡತಿ ಹಬ್ಬಕ್ಕೊಮ್ಮೆ ಒರೆಸಿ ತೆಗೆಯುತ್ತಿದ್ದಳು. ಹಸಿದ ಮೀನು ಏಂಜೆಲ್‌ಗಳ ಮೈಗೇ ಬಾಯಿ ಹಾಕಿತು. ಸೌತೆಕಾಯಿ ಹೋಳುಗಳನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟ ಮೇಲೆ ಸುಮ್ಮನಾಯಿತು.

ಅಷ್ಟರಲ್ಲಿ ನನಗೆ ಬೀಳಗಿಯ ಹೈಸ್ಕೂಲಿಗೆ ವರ್ಗವಾಯಿತು. ಬೇರೆ ಮೀನುಗಳನ್ನು ಸಹೋದ್ಯೋಗಿಯೊಬ್ಬರು ಒಯ್ದರು. ಒಕ್ಕಣ್ಣಿನ ಇದನ್ನು ಯಾರೂ ಕೇಳಲಿಲ್ಲ. ಹೊಳೆಗೆ ಬಿಡುವುದೆಂದು ತೀರ್ಮಾನಿಸಿದೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವನು ನಾನು. ಪುಣ್ಯದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಅದಕ್ಕೇ ‘ಸ್ವಾತಂತ್ರ್ಯ’ ಎಂದುಕೊಂಡೆ.

ಆ ವರ್ಷ ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ನಿಂತಿತ್ತು. ಮನೆಯ ಒಡತಿ, ನಾವು ಕಾಕು ಎಂದು ಕರೆಯುತ್ತಿದ್ದ ನೇಕಾರರ ಮನೆಯ ಹಿರಿಯಳು, ಹೊಳೆಗೆ ಪೂಜೆ ಮಾಡಿ ಬರಬೇಕೆಂದಳು. ಸ್ಕೂಟರಿನ ಹಿಂದೆ ಅವಳು, ಅವಳ ತೊಡೆಯ ಮೇಲೆ ಮೀನಿನ ಬಕೆಟ್ಟು. ಮುಂದಿನದು ನನ್ನ ನೆನಪಿನಲ್ಲಿ ಹೀಗಿತ್ತು: ಮೆಟ್ಟಿಲು, ನೀರು, ‘ಧಡಂ’ ಎಂಬ ಸದ್ದು, ಹಗುರಾದ ಮನಸ್ಸು. ಮರುದಿನ ಬೆಳಿಗ್ಗೆ ಸಾಮಾನಿನ ಲಾರಿ ಹತ್ತಿ ಬೀಳಗಿಗೆ ಬಂದೆವು. ಅಲ್ಲಿ ತರಗತಿಯಲ್ಲಿ ನಾನು ಮೀನಿಗೆ ಸ್ವಾತಂತ್ರ್ಯ ಕೊಟ್ಟ ಕಥೆಯನ್ನು ಎಷ್ಟು ಸಲ ಹೇಳಿದೆನೋ. ಹೇಳಿದಷ್ಟೂ ಸದ್ದು ಜೋರಾಯಿತು.

ಏಳೆಂಟು ವರ್ಷದ ನಂತರ ಒಂದು ಭಾನುವಾರ ಬೀಳಗಿಯ ಹತ್ತಿರದ ಹಿನ್ನೀರಿನ ದಂಡೆಗೆ ಮೀನು ಕೊಳ್ಳಲು ಹೋಗಿದ್ದೆ. ಬಲೆ ಬಿಡಿಸುತ್ತಿದ್ದ ಮೀನುಗಾರ ಕಪ್ಪನೆಯದೊಂದನ್ನು ನನ್ನ ಕಾಲಬಳಿ ಒಗೆದ.

“ನೋಡ್ರಿ ಮಾಸ್ತರ್ರ, ಯಾವ ಹಾಳ ಮೀನ ಇದು! ಬಲಿ ಹರಿತೈತಿ, ತಿನ್ನಾಕೂ ಬರೂದಿಲ್ಲ. ಮೊದಲ ಇದ್ದಿಲ್ಲ ಇದು. ಯಾರ ತಂದು ಬಿಟ್ಟಾರೋ ಪುಣ್ಯಾತ್ಮರು.”

ಅದೇ ಕವಚ, ಅದೇ ಬಾಯಿ. ಹಿಪ್ಪರಗಿಯಿಂದ ಹರಿದ ನೀರೇ ಬೀಳಗಿಗೆ ಬರುವುದು. ಒಂದೇ ಮೀನಿನಿಂದ ಸಂತಾನವಾಗದು ಎಂಬುದು ನನಗೆ ಗೊತ್ತು, ಆದರೆ ಅದಕ್ಕೆ ಜೋಡಿಯನ್ನೂ ಹೊಳೆಗೆ ಬಿಟ್ಟ ಇನ್ನೊಬ್ಬ ಪುಣ್ಯಾತ್ಮ ಇರಲಾರನೇ? ಹೊರಗಿನ ಜಾತಿಯ ಮೀನನ್ನು ಹೊಳೆಗೆ ಬಿಡಬಾರದೆಂದು ಪಾಠ ಮಾಡಬೇಕಾದವನೇ ಬಿಟ್ಟಿದ್ದೆ. ಕಥೆ ಹೇಳುವುದು ನಿಂತಿತು. ನಾಚಿಕೆಯಿಂದ ಹೆಂಡತಿಗೂ ಹೇಳಲಿಲ್ಲ. ಮೀನುಗಾರನ ದಂಡೆಯ ಕಡೆ ಹೋಗುವುದನ್ನೇ ಬಿಟ್ಟೆ.

ಆದರೆ ಒಂದು ಸಂಶಯ ಮಾತ್ರ ಕೊರೆಯುತ್ತಿತ್ತು. ಸದ್ದು ನೆನಪಿದೆ, ಮೀನು ನೀರಿಗೆ ಹೋದದ್ದು ಏಕೆ ನೆನಪಿಲ್ಲ? ಬಕೆಟ್ಟು ಬಗ್ಗಿಸಿದರೆ ‘ಧಡಂ’ ಎನ್ನುತ್ತದೆಯೇ? ಸಾಕ್ಷಿಯೆಂದರೆ ಕಾಕು ಒಬ್ಬಳೇ. ಕೊನೆಗೊಂದು ರಜೆಯ ದಿನ ಹೆಂಡತಿಗೆ ಬನಹಟ್ಟಿಯಲ್ಲಿ ಕೆಲಸವಿದೆ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಲೋಕಾಪುರ, ಮುಧೋಳ, ಮಹಾಲಿಂಗಪುರ ದಾಟುವವರೆಗೂ ಕೇಳಬೇಕಾದ ಪ್ರಶ್ನೆಯನ್ನು ತಿದ್ದುತ್ತಲೇ ಇದ್ದೆ.

ಕಾಕು ಬಾಗಿಲಲ್ಲೇ ಕೂತು ನೂಲು ಬಿಡಿಸುತ್ತಿದ್ದಳು. ಚಹಾ ಬರುವ ಮೊದಲೇ ಕೇಳಿಬಿಟ್ಟೆ: “ಕಾಕು, ಅವತ್ತ ಹಿಪ್ಪರಗ್ಯಾಗ ನಾ ಮೀನ ಹೊಳಿಗೆ ಬಿಟ್ಟೆ ಹೌದಲ್ಲೋ?”

ಅವಳು ನನ್ನನ್ನು ದಿಟ್ಟಿಸಿದಳು.

“ಖರೇನ ಮರ್ತೀರೇನ್ರಿ? ನೀವು ಬಕೆಟ್ ಹಿಡ್ಕೊಂಡು ಮೆಟ್ಟಲ ಮ್ಯಾಲ ನಿಂತ್ರಿ. ನಾ ನಿಮ್ಮ ಕೈಯಾಗಿಂದ ಕಸಗೊಂಡ್ನಿ. ಕಣ್ಣ ಕಳದದ್ದೂ ನೀವ, ಹೊಳಿಗೆ ಚೆಲ್ಲಾವರೂ ನೀವ, ಮನ್ಯಾಗ ಉಂಡ ಜೀವಾ ಅಂತ ಬೈಲಿಲ್ಲೇನು?”

“ಮತ್ತ ಆ ಧಡಂ ಅಂದದ್ದು?”

“ಅಯ್ಯ, ಅದು ನನ್ನ ತೆಂಗಿನಕಾಯಿ! ಪೂಜಿ ಮಾಡಿ ಒಗದ್ನಿ. ‘ಕಾಯಿ ಹೊಳಿಗೆ ಯಾಕ ಹಾಳ ಮಾಡ್ತಿ ಕಾಕು, ಚಟ್ನಿ ಮಾಡು’ ಅಂತ ನಕ್ರಿ ನೀವು. ಅದೂ ಮರ್ತ್ರಿ?”

ಮರೆತಿದ್ದೆ. ಪೂಜೆಯಲ್ಲಿ ನಂಬಿಕೆಯಿಲ್ಲದ್ದಕ್ಕೆ ನೆನಪಿನಿಂದ ತೆಂಗಿನಕಾಯಿಯನ್ನು ತೆಗೆದುಹಾಕಿ ಅದರ ಸದ್ದನ್ನು ಮಾತ್ರ ಇಟ್ಟುಕೊಂಡಿದ್ದೆ. ಆದರೂ ಅವಳ ಮಾತನ್ನೇ ಏಕೆ ನಂಬಬೇಕು? ಅವಳದೂ ನೆನಪೇ ಅಲ್ಲವೇ? ನನ್ನ ಮುಖ ನೋಡಿ ಕಾಕುವಿಗೆ ಸಿಟ್ಟು ಬಂತು.

“ನಂಬಿಕಿ ಇಲ್ಲಲಾ? ಏಳ್ರಿ, ಬರ್ರಿ ಹಿಂದ.”

ಮಗ್ಗದ ಕೋಣೆಯ ಮೂಲೆಯಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿಯಷ್ಟು ಅಗಲದ ತೊಟ್ಟಿಯಿತ್ತು, ಗೋಡೆಗಳೆಲ್ಲ ಹಸಿರು. ತಳದಲ್ಲಿ, ನೂಲನ್ನು ಅತ್ತಿತ್ತ ಒಯ್ಯುವ ಹಳೆಯ ಮರದ ಲಾಳಿಯೊಂದು, ತುದಿಯ ಕಬ್ಬಿಣ ಕಿತ್ತು ಹಾಕಿದ್ದು. ಅದರ ಮೇಲೆ ಮೊಳದಷ್ಟು ಉದ್ದದ ಕಪ್ಪು ಮೀನು ಬಾಯಿ ಅಂಟಿಸಿ ಮರ ಕೆರೆಯುತ್ತಿತ್ತು. ನಾನು ಬಗ್ಗಿದೆ. ಬಲಗಣ್ಣು ಕಂಡಿತು. ಇನ್ನೊಂದು ಬದಿ ಕಾಣಲೆಂದು ಬೆರಳಿನಿಂದ ನೀರು ತಟ್ಟಿದೆ. ಮೀನು ಬೇಸರದಿಂದಲೋ ಎಂಬಂತೆ ತಿರುಗಿತು. ಎಡಗಡೆ ಕಣ್ಣಿರಬೇಕಾದಲ್ಲಿ ಬಿಳಿಯ ಗುಳಿ.

ಅಲ್ಲೇ ನೂಲಿನ ಗಂಟಿನ ಮೇಲೆ ಕೂತೆ. ನಗು ಬಂತು, ನಿಲ್ಲಿಸಲಾಗಲಿಲ್ಲ. ಬಿಡಬೇಕೆಂದೇ ಹೋಗಿದ್ದೆ, ಅದು ಸುಳ್ಳಲ್ಲ. ಆದರೆ ಬಿಟ್ಟಿರಲಿಲ್ಲ.

“ಈಗರೆ ನಂಬಿದ್ರೋ, ಇಲ್ಲಾ ಪಂಚನಾಮಾ ಮಾಡಸೂದೈತೋ?” ಎಂದು ಕಾಕು ಸೌತೆಕಾಯಿಯನ್ನೂ ಈಳಿಗೆಯನ್ನೂ ನನ್ನ ಮುಂದೆ ಇಟ್ಟಳು. “ಹೆಚ್ಚರಿ. ಮಧ್ಯಾಹ್ನದ ಊಟ ಅದರದ್ದೂ ಆಗಿಲ್ಲ.”

ಸಂಜೆ ಮರಳುವಾಗ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಇಳಿದು ಎರಡು ಕಪ್ ಚಹಾ ಕುಡಿದೆ. ಬೀಳಗಿಯ ಮನೆ ಮುಟ್ಟಿದಾಗ ಹೆಂಡತಿ ಕೇಳಿದಳು, “ಕಾಕು ಆರಾಮ ಅದಾಳ? ನಮ್ಮ ಒಕ್ಕಣ್ಣ ಎಷ್ಟ ಬೆಳದೈತಿ?”

“ನಿನಗ ಗೊತ್ತಿತ್ತಾ?”

“ಇಲ್ಲಿಗೆ ಬಂದ ವಾರಕ್ಕ ಕಾಕು ಫೋನ್ ಮಾಡಿ ಹೇಳಿದ್ಳು. ನಾ ನಿಮಗೂ ಹೇಳಿದ್ನಿ. ಹ್ಞೂಂ ಅಂದ್ರಿ. ಪೇಪರ್ ಓದಾಕತ್ತಿದ್ರಿ.”

ಮರುದಿನ ತರಗತಿಯಲ್ಲಿ ಆ ಕಥೆಯನ್ನು ಮತ್ತೆ ಹೇಳಿದೆ. ಈ ಸಲ ತೆಂಗಿನಕಾಯಿಯಿಂದ ಶುರುಮಾಡಿ, ಬಲೆ ಹರಿದುಕೊಂಡ ಮೀನುಗಾರನವರೆಗೂ ಹೇಳಿದೆ.