ಒಂಬತ್ತನೇ ಬಿಸಿಲು

ಇಂಗ್ಲೆಂಡಿಗೆ ಬಂದು ಇಪ್ಪತ್ತೊಂದು ವರ್ಷವಾಗಿದ್ದರೂ ಗಂಗವ್ವ ಯಾವ ಅಂಗಡಿಯ ಕೌಂಟರನ್ನೂ ದಾಟಿ ಒಳಗೆ ಹೋದವಳಲ್ಲ. 2001ರ ಏಪ್ರಿಲ್‌ನಲ್ಲಿ ಹೋದಳು. ಓಡಿಯೇ ಹೋದಳು.

ಮ್ಯಾಂಚೆಸ್ಟರಿನ ಚೈನಾಟೌನಿನಲ್ಲಿ ಶೇಂಗಾ ಕೊಂಡು ಬಸ್ ಸ್ಟಾಪಿನ ಕಡೆ ಹೊರಟಿದ್ದಳು. ಗಿಡಮೂಲಿಕೆಯ ಅಂಗಡಿಯೊಂದರ ತೆರೆದ ಬಾಗಿಲಿನಿಂದ ಜೇನು ಕಾಯುವ ವಾಸನೆ ಬಂತು. ಇನ್ನು ಅರೆಗಳಿಗೆ ಬಿಟ್ಟರೆ ಕಹಿಯಾಗುವ ವಾಸನೆ. ಒಳಗೆ ಮುದುಕರೊಬ್ಬರು ಒಲೆಗೆ ಬೆನ್ನು ಹಾಕಿ, ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು.

“ಹೊತ್ತಾಕತ್ತೈತ್ರೀ! ಹೊತ್ತಾಕತ್ತೈತಿ!”

ಅಪ್ಪಟ ಗದಗಿನ ಕನ್ನಡದಲ್ಲಿ ಕೂಗುತ್ತಲೇ ಅವಳು ಕೌಂಟರಿನ ಹಿಂದೆ ನುಗ್ಗಿ, ಉರಿ ತಗ್ಗಿಸಿ, ಸೌಟು ಹಿಡಿದು ಬಾಣಲೆಗೆ ಕೈ ಹಾಕಿಯೇಬಿಟ್ಟಳು. ಬಾಣಲೆಯಲ್ಲಿದ್ದದ್ದು ಜೇನು ಕುಡಿದ ಜ್ಯೇಷ್ಠಮಧುವಿನ ಬಿಲ್ಲೆಗಳು. ಬಣ್ಣ ಹೊನ್ನಿಗೆ ಬರುವವರೆಗೆ ಆಡಿಸಿ, ಕೆಳಗಿಳಿಸಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ಬಿಟ್ಟಳು. ಬಿಲ್ಲೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉದುರಿದವು.

ಆ ಮುದುಕರು, ಅಂಗಡಿಯ ಮಾಲೀಕ ಲಾವ್, ಫೋನ್ ಇಟ್ಟರು. ಹಾಂಗ್‌ಕಾಂಗಿನವರು, ಅವರ ಇಂಗ್ಲಿಷೂ ಗಂಗವ್ವನ ಇಂಗ್ಲಿಷಿನಷ್ಟೇ ತುಂಡುತುಂಡು.

“ಒತ್ತಿ ನೋಡುವುದನ್ನು ಯಾರು ಕಲಿಸಿದರು? ನಿಮ್ಮ ಗುರು ಯಾರು?”

“ನಮ್ಮ ತಾಯಿ. ಎಳ್ಳುಂಡಿ,” ಎಂದಳು. ಅವರಿಗೆ ಏನು ಅರ್ಥವಾಯಿತೋ, ಸೊಂಟ ಬಗ್ಗಿಸಿ ಒಂದು ಏಪ್ರನ್ ಕೊಟ್ಟರು.

ವಾರಕ್ಕೆ ಮೂರು ದಿನದ ಕೆಲಸ. ಗಂಡ ಚಿದಾನಂದ ವಿದನ್‌ಶಾ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. “ಹುರಿ, ಬೇಯಿಸು, ಒಣಗಿಸು. ಯಾರಿಗೂ ಔಷಧಿ ಮಾತ್ರ ಹೇಳಬ್ಯಾಡ,” ಎಂದ. ಹೇಳುವುದು ಅವಳಿಗೂ ಬೇಕಿರಲಿಲ್ಲ. ಅವಳನ್ನು ಹಿಡಿದದ್ದು ಬೇರುಗಳನ್ನು ಹದ ಮಾಡುವ ಬಗೆ: ಉಪ್ಪುನೀರಿನಲ್ಲಿ ಒಂದು, ವಿನೆಗರಿನಲ್ಲಿ ಒಂದು, ಗೋಧಿ ತವುಡಿನಲ್ಲಿ ಇನ್ನೊಂದು. ಹಸಿಯ ಬೇರಿಗೆ ಒಂದು ಗುಣ, ಹುರಿದ ಬೇರಿಗೆ ಬೇರೆಯೇ ಗುಣ ಎಂದು ಲಾವ್ ಹೇಳಿಕೊಟ್ಟ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದ ಸೀಟಿನವರ ಎದುರಿಗೇ ಗಾಳಿಯಲ್ಲಿ ಸೌಟು ಆಡಿಸುತ್ತಿದ್ದಳು.

ಒಂದು ವಿದ್ಯೆಯಲ್ಲಿ ಮಾತ್ರ ಲಾವ್ ಸೋತಿದ್ದರು. ದಿಹುವಾಂಗ್ ಎಂಬ ಬೇರನ್ನು ಅಕ್ಕಿಯ ಮದ್ಯದಲ್ಲಿ ನೆನೆಸಿ ಒಂಬತ್ತು ಸಲ ಹಬೆಯಲ್ಲಿ ಬೇಯಿಸಬೇಕು, ಒಂಬತ್ತು ಸಲ ಬಿಸಿಲಿಗೆ ಒಣಗಿಸಬೇಕು. ಆಗ ಅದು ಒಳಗಿನ ತಿರುಳಿನವರೆಗೆ ಕಪ್ಪಾಗುತ್ತದೆ.

“ಮ್ಯಾಂಚೆಸ್ಟರಿನಲ್ಲಿ ಒಂಬತ್ತು ಬಿಸಿಲು ಎಲ್ಲಿಂದ ತರಲಿ? ಇಪ್ಪತ್ತು ವರ್ಷದಿಂದ ಓವನ್ನಿನಲ್ಲೇ ಒಣಗಿಸಿ ಸುಳ್ಳು ಹೇಳುತ್ತಿದ್ದೇನೆ,” ಎಂದರು ನಾಚಿಕೆಯಿಂದ.

“ನಮ್ಮ ಹಿತ್ತಲದಾಗ ಒಣಗಸ್ತೀನಿ,” ಎಂದು ಗಂಗವ್ವ ಕನ್ನಡದಲ್ಲೇ ಮಾತು ಕೊಟ್ಟುಬಿಟ್ಟಳು.

ಜುಲೈ ಕೊನೆಗೆ, ಏನು ಪುಣ್ಯವೋ, ಎಂಟು ದಿನ ಎಡೆಬಿಡದೆ ಬಿಸಿಲು ಬಿತ್ತು; ದಿನಕ್ಕೊಂದರಂತೆ ಎಂಟು ಸಲ ಬೇಯಿಸಿ ಒಣಗಿಸಿದ್ದಾಯಿತು. ಒಂಬತ್ತನೇ ದಿನ ಭಾನುವಾರ. ಕೊನೆಯ ಹಬೆ ಏರುತ್ತಿರುವಾಗ ಕೊವೆಂಟ್ರಿಯಿಂದ ಹಳೆಯ ಸ್ನೇಹಿತರಾದ ಕರಬಸಪ್ಪ, ರತ್ನಮ್ಮ ದಂಪತಿ ಹೇಳದೆ ಕೇಳದೆ ಬಂದರು. ಕಾರ್ಖಾನೆಯ ಎಂಜಿನಿಯರ್ ಕರಬಸಪ್ಪ ಕೆಮ್ಮಿನ ಔಷಧಿಯ ಬಾಟಲಿಯಲ್ಲೂ ಆಲ್ಕೋಹಾಲ್ ಇದೆಯೇ ಎಂದು ಓದಿ ನೋಡುವ ನೇಮಸ್ಥ. ಹೊಸ್ತಿಲಲ್ಲೇ ಮೂಗರಳಿಸಿ ನಿಂತರು.

“ತಂಗೆವ್ವಾ, ಇದು ಸೆರೆ ವಾಸನಿ ಅಲ್ಲೇನು?”

“ಹೌದ್ರೀ ಅಣ್ಣಾರ. ಕುಡಿಯಾಕಲ್ಲ, ಬೇರಿಗೆ!”

ಅಷ್ಟು ಹೇಳಿದ್ದೇ ಗಂಗವ್ವನಿಗೆ ನಗು ಒತ್ತರಿಸಿ ಬಂತು. ರತ್ನಮ್ಮ ಸೆರಗು ಬಾಯಿಗಿಟ್ಟು ಕಿಸಕ್ಕೆಂದರು. “ಇಷ್ಟ ಹಬಿಗೆ ಯಾರಿಗೂ ನಿಶೆ ಏರೂದಿಲ್ಲ, ನಾ ಡಾಕ್ಟರ್ ಹೇಳಾಕತ್ತೀನಿ,” ಎಂದ ಚಿದಾನಂದ, ಹೇಳುತ್ತಾ ಹೇಳುತ್ತಾ ತಾನೇ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡ. ಕರಬಸಪ್ಪ ಗಂಭೀರವಾಗಿರಲು ಹೆಣಗಿದರು. ಹೆಗಲು ಕುಲುಕುವುದನ್ನು ತಡೆಯಲಾಗಲಿಲ್ಲ.

ಬೇರುಗಳನ್ನು ತಟ್ಟೆಗಳಲ್ಲಿ ಹರವಿ ಹಿತ್ತಲಿಗಿಟ್ಟಳೋ ಇಲ್ಲವೋ, ಒಂದು ಹನಿ ಬಿತ್ತು. ಮತ್ತೊಂದು. ಗಂಗವ್ವ ಕಿರುಚಿದಳು. ಸೂಟು ಹಾಕಿದ್ದ ಕರಬಸಪ್ಪನವರೂ ಸೇರಿ ಎಲ್ಲರೂ ತಟ್ಟೆ ಹೊತ್ತು ಓಡಿದರು.

ರೇಡಿಯೊಗೆ ಕಿವಿಗೊಟ್ಟಿದ್ದ ಮಗಳು ಅರ್ಪಿತಾ ಕೂಗಿದಳು: “ಮಮ್, ಇಟ್ಸ್ ಸನ್ನಿ ಇನ್ ಮ್ಯಾಕಲ್ಸ್‌ಫೀಲ್ಡ್!”

“ಹಂಗಾದ್ರ ಬಿಸಿಲಿನ ಹಿಂದ ಹೋಗೂಣು,” ಎಂದವರು ಬೇರೆ ಯಾರೂ ಅಲ್ಲ, ಕರಬಸಪ್ಪ. ಎಂಜಿನಿಯರ್ ಬುದ್ಧಿ ಎಚ್ಚೆತ್ತಿತ್ತು. ಎರಡೂ ಕಾರುಗಳ ಹಿಂದಿನ ಸೀಟಿನ ಒಂದು ಬದಿಗೆ ಹಲಗೆ ಕಟ್ಟಿ, ತಟ್ಟೆಗಳನ್ನು ಅಲುಗದಂತೆ ಕೂರಿಸಿದರು. ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಲಾವ್‌ರನ್ನೂ ಚಪ್ಪಲಿಯಲ್ಲೇ ಹತ್ತಿಸಿಕೊಂಡರು. ಮೋಡ ಬೆನ್ನಟ್ಟಿತು, ಕಾರು ಓಡಿತು. ಮ್ಯಾಕಲ್ಸ್‌ಫೀಲ್ಡ್ ದಾಟಿದ ಮೇಲೆ, ಕುರಿಗಳಷ್ಟೇ ಇದ್ದ ಗುಡ್ಡದ ನೆತ್ತಿಯಲ್ಲಿ ಧಗಧಗ ಬಿಸಿಲು! ಬಾನೆಟ್ಟಿನ ಮೇಲೆ ತಟ್ಟೆ, ಹುಲ್ಲುಗಾವಲಿನ ಕಲ್ಲುಗೋಡೆಯ ಮೇಲೆ ತಟ್ಟೆ, ರತ್ನಮ್ಮನ ಮಡಿಲಲ್ಲಿ ತಟ್ಟೆ. ತಟ್ಟೆಯತ್ತ ಬಂದ ಕುರಿಯನ್ನು ಕರಬಸಪ್ಪ ಕೋಟು ಬೀಸಿ ಓಡಿಸಿದ ಚಂದಕ್ಕೆ ಲಾವ್ ಚಪ್ಪಾಳೆ ತಟ್ಟಿದರು.

ಸಂಜೆ ಐದಕ್ಕೆ ಲಾವ್ ಒಂದು ಬೇರನ್ನು ಚಾಕುವಿನಿಂದ ಸೀಳಿದರು. ಎಲ್ಲರ ತಲೆಗಳೂ ಬಗ್ಗಿದವು. ನಟ್ಟನಡುವಿನವರೆಗೂ ಕಾಡಿಗೆಯಂತೆ ಕಪ್ಪು, ಹೊಳೆಯುವ ಕಪ್ಪು. ಚೂರನ್ನು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಚಿದಾನಂದನ ಮೊಬೈಲ್ ಕೇಳಿ ಪಡೆದು ಹಾಂಗ್‌ಕಾಂಗಿನಲ್ಲಿದ್ದ ತಮ್ಮ ಅಕ್ಕನಿಗೆ ಫೋನ್ ಹಚ್ಚಿ, ಗುಡ್ಡವೇ ನಡುಗುವಂತೆ ಕೂಗಾಡಿದರು. ಗಂಗವ್ವನಿಗೆ ತಿಳಿದದ್ದು ಎರಡೇ ಮಾತು: ‘ಮ್ಯಾಂಚೆಸ್ಟರ್’ ಮತ್ತು ‘ಗಂಗಾವಾ’.

ಮುಂದಿನ ಎಂಟು ವರ್ಷ, ಲಾವ್ ಅಂಗಡಿ ಮುಚ್ಚಿ ವಿಶ್ರಾಂತಿಗೆ ಹೋಗುವವರೆಗೂ, ಆ ಅಂಗಡಿಯ ಒಲೆ ಗಂಗವ್ವನದೇ. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅವಳು ಕುರಿಗಳ ನಡುವೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಕೈಯೆಲ್ಲ ಕಪ್ಪು, ಕೆನ್ನೆಯೆಲ್ಲ ಕಪ್ಪು. ಬಿಕ್ಕಳಿಕೆ ಬರುವಷ್ಟು ನಗು.