ಈಡುಗಾಯಿ ತಗುಲಿದ ಕಣ್ಣು

ಎಂಬತ್ತರ ದಶಕದಲ್ಲಿ, ಸಾಂಟಾ ಕ್ಲಾರಾದಲ್ಲಿ ನಾವು ಮೊದಲ ಕಾರು ಕೊಂಡೆವು. ಹಳೆಯ ಕಾರೇ. ಆದರೂ ಪೂಜೆ ಮಾಡದೆ ಅದನ್ನು ಫ್ರೀವೇಗೆ ಇಳಿಸುವ ಧೈರ್ಯ ನನ್ನ ಗಂಡನಿಗಿರಲಿಲ್ಲ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಅರಿಶಿನ ಕುಂಕುಮ ಹಚ್ಚಿದ್ದಾಯಿತು. ನಾನು ಕುಕ್ಕರಗಾಲಿನಲ್ಲಿ ಕೂತು ಚಕ್ರದಡಿಗೆ ನಿಂಬೆಹಣ್ಣು ಇಡುತ್ತಿದ್ದೆ. ಇವರು ನಾನು ಏಳುವವರೆಗೂ ಕಾಯದೆ ಈಡುಗಾಯಿ ಒಡೆದರು. ಕರಟದ ಚೂರೊಂದು ಸಿಡಿದು ನನ್ನ ಬಲಗಣ್ಣಿಗೆ ಹೊಡೆಯಿತು.

ಅಂಥ ನೋವೇನೂ ಆಗಲಿಲ್ಲ. ಬೆಚ್ಚಗೆ ನೀರು ಇಳಿಯಿತು.

"ಧೂಳು ಬಿದ್ದಿರ್ಬೇಕು ಕಣೇ, ಉಜ್ಜಬೇಡ. ಪೂಜೆ ಅರ್ಧಕ್ಕೆ ನಿಲ್ಲಿಸ್ಬಾರ್ದು," ಎಂದರು.

ನಾನೂ ಮಹಾ ಪತಿವ್ರತೆಯ ಹಾಗೆ ಕಣ್ಣಿಗೆ ಸೆರಗು ಒತ್ತಿಕೊಂಡು ಆರತಿ ಮುಗಿಸಿದೆ. ಕಣ್ಣೀರು ಅಂದುಕೊಂಡದ್ದು ಕಣ್ಣಿನ ಒಳಗಿಂದ ಸೋರುತ್ತಿದ್ದ ನೀರು ಎಂದು ತಿಳಿದದ್ದು ಆಸ್ಪತ್ರೆಯಲ್ಲಿ. ಕಾರಿನ ಮೊದಲ ಸವಾರಿ ಅಲ್ಲಿಗೇ ಆಯಿತು.

ಕಣ್ಣಿನ ಮುಂದಿರುವ ಪಾರದರ್ಶಕ ಪದರ, ಕಾರ್ನಿಯಾ, ಸರಿಯಾಗಿ ನಡುವೆ ಸೀಳಿತ್ತು. ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿದರು. ನನ್ನ ಕೆಲಸವೋ ಮೈಕ್ರೋಸ್ಕೋಪಿನಡಿ ಚಿಪ್‌ಗಳಿಗೆ ಸಣ್ಣ ತಂತಿ ಬೆಸೆಯುವುದು. ಅದಕ್ಕೆ ಎರಡೂ ಕಣ್ಣು ಬೇಕು. ಹೊಲಿಗೆ ಬಿಚ್ಚುವವರೆಗೆ ಜಾಗ ಉಳಿಸಿಡುತ್ತೇನೆ ಎಂದು ಸೂಪರ್‌ವೈಸರು ಮಾತು ಕೊಟ್ಟರು. ಆ ಊರಲ್ಲಿ ನನ್ನದು ಅಂತ ಇದ್ದದ್ದು ಆ ಕುರ್ಚಿಯೊಂದೇ.

ತಿಂಗಳುಗಟ್ಟಲೆ ಮನೆಯಲ್ಲಿ ಕೂತೆ. ಡ್ರಾಪ್ಸು ಹಾಕುವುದು, ಮಲಗುವುದು. ಇವರು ಮಾಡಿದ ಹುಳಿಗೆ ಉಪ್ಪಿರುತ್ತಿರಲಿಲ್ಲ, ಸುಮ್ಮನೆ ಉಣ್ಣುತ್ತಿದ್ದೆ.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಹತ್ತಿಯ ಎಳೆಯಿಂದ ಕಣ್ಣು ಮುಟ್ಟಿದರು. ರೆಪ್ಪೆ ಮಿಟುಕಲಿಲ್ಲ. ನರಗಳು ತುಂಡಾಗಿವೆ, ಸ್ಪರ್ಶ ಮರಳಿದರೂ ನಿಧಾನ ಎಂದರು. ಗಾಯ ಮಾತ್ರ ಗಟ್ಟಿಯಾಗಿ ಕೂಡಿದೆ ಎಂದು ಮೆಚ್ಚಿಕೊಂಡರು. ಎಡಗಣ್ಣು ಮುಚ್ಚಿಸಿದಾಗ ಗೋಡೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಮಜ್ಜಿಗೆಯಲ್ಲಿ ಮುಳುಗಿದಂತಿತ್ತು. ಒಳ್ಳೆಯ ಕಾರ್ನಿಯಾದಲ್ಲಿ ಎಳೆಗಳು ಒಪ್ಪವಾಗಿ ಸಾಲುಗಟ್ಟಿರುತ್ತವಂತೆ, ಅದಕ್ಕೇ ಬೆಳಕು ಹಾಯುತ್ತದಂತೆ. ಗಾಯ ಮುಚ್ಚಲು ಬರುವ ಎಳೆಗಳಿಗೆ ಅಷ್ಟು ವ್ಯವಧಾನವಿಲ್ಲ. ಅಡ್ಡಾದಿಡ್ಡಿ ಹೆಣೆದುಕೊಂಡು ಬೆಳ್ಳಗಾಗುತ್ತವೆ. ಆ ಕಲೆ ಹೋಗುವುದಿಲ್ಲ. ಮುಂದೆ ಬೇರೆಯವರ ಕಾರ್ನಿಯಾ ಹಾಕಿ ನೋಡಬಹುದು ಎಂದರು, ಭರವಸೆ ಕೊಡಲಿಲ್ಲ.

"ಚೆನ್ನಾಗಿ ಹೀಲ್ ಆಗಿದೆ ಅಂದ್ರಲ್ಲ!" ಎಂದರು ಇವರು, ಕಾರಿನಲ್ಲಿ.

"ಹೀಲ್ ಆಗಿರೋದೇ ಅಡ್ಡ ಬಂದಿರೋದು ರೀ," ಎಂದೆ. ಅವರು ರೇಡಿಯೋ ಹಾಕಿದರು.

ಸಂಜೆ ಮೈಸೂರಿಗೆ, ನನ್ನ ತವರಿಗೆ, ಫೋನು ಮಾಡಿ "ಪೂರ್ತಿ ವಾಸಿಯಾಗಿದೆ ಅತ್ತೆ, ಡಾಕ್ಟ್ರೇ ಹೇಳಿದ್ರು," ಎಂದರು. ಅಮ್ಮ ಸಂತೋಷಕ್ಕೆ ಅಳುವುದು ನಾನು ನಿಂತಲ್ಲಿಗೂ ಕೇಳಿಸಿತು. ರಿಸೀವರು ತೆಗೆದುಕೊಂಡು ಕೆಲಸ ಬಿಡಬೇಕಾಯಿತು ಎಂದೆ.

"ಒಳ್ಳೇದೇ ಆಯ್ತು ಬಿಡೇ," ಎಂದಳು ಅಮ್ಮ. "ಇನ್ನಾದ್ರೂ ನೆಮ್ಮದಿಯಾಗಿ ಮನೇಲಿರು."

ಹೂಂ ಎಂದೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ರಿಸೀವರನ್ನು ಇವರ ಕೈಗೆ ಕೊಟ್ಟು, ಮಾರನೆಯ ದಿನ ಆಫೀಸಿಗೆ ಹಿಂದಿರುಗಿಸಬೇಕಾದ ಬ್ಯಾಡ್ಜನ್ನು ಹುಡುಕತೊಡಗಿದೆ.