ಒಂದೇ ದೀಪ

ರುಕ್ಕು, ನಿನ್ನ ಗಂಡ ಅವತ್ತು ಕುಡಿದಿರಲಿಲ್ಲ. ಅವನಿಗೆ, ನನ್ನ ತಮ್ಮ ಗೋವಿಂದನಿಗೆ, ಕೆಂಪು ಯಾವುದು ಹಸಿರು ಯಾವುದು ತಿಳಿಯುತ್ತಲೇ ಇರಲಿಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಕೈಗೆ ಲಾರಿ ಲೈಸೆನ್ಸ್ ಕೊಡಿಸಿದವಳು ನಾನು.

ಸೇಲಂನ ನಮ್ಮ ಮನೆಯಲ್ಲಿ ಅವನನ್ನು ಮಗ್ಗದಿಂದ ಎಬ್ಬಿಸಿದ್ದು ಸೋಮಾರಿ ಎಂದಲ್ಲ. ಕೆಂಪು ಎಳೆಗೆ ಹಸಿರು ಎಳೆ ಗಂಟು ಹಾಕಿಬಿಡುತ್ತಿದ್ದ. ಅಪ್ಪ ಬೈದು ಬೈದು ಸಾಕಾಗಿ ಲಾರಿ ಕಲಿಯಲು ಕಳಿಸಿದರು. ಆದರೆ ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟ್ ಬೇಕಲ್ಲ! ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ, ಚುಕ್ಕೆಗಳ ನಡುವಿನ ಅಂಕಿ ಓದು ಎಂದರಂತೆ. ಇವನು ಪೆಚ್ಚುಮೋರೆ ಹಾಕಿಕೊಂಡು ಬಂದ.

ಮರುವಾರ ಕನ್ನಡಕದ ನೆಪ ಹೇಳಿ ನಾನೇ ಅಲ್ಲಿಗೆ ಹೋದೆ. ಡಾಕ್ಟರು ಎದ್ದು ಒಳಗೆ ಹೋದಾಗ ಮೇಜಿನ ಮೇಲಿದ್ದ ಪುಸ್ತಕ ತಿರುವಿ ಹಾಕಿದೆ. ಎಳೆಗಳ ಎಣಿಕೆಯನ್ನೇ ತಲೆಯಲ್ಲಿಟ್ಟು ನೇಯುವವಳಿಗೆ ನಾಲ್ಕಾರು ಹಾಳೆ ಯಾವ ಲೆಕ್ಕ? ಮಗ್ಗದಲ್ಲಿ ಒಬ್ಬರು ಎಣಿಕೆ ಕೂಗಿ ಇನ್ನೊಬ್ಬರು ಎಳೆ ಎತ್ತುವ ಹಾಗೆ, ಮನೆಯಲ್ಲಿ ನಾನು ಹಾಳೆ ಕೂಗಿದೆ, ಅವನು ಅಂಕಿ ಹೇಳಿದ. ಹನ್ನೆರಡು, ಎಂಟು, ಆರು... ಬಾಯಿಪಾಠವಾಯಿತು. ಪಾಸೂ ಆದ. ಸರ್ಕಾರದ ಕಣ್ಣಿಗೆ ಮಣ್ಣೆರಚಿದೆನೆಂದು ಎಷ್ಟು ಬೀಗಿದ್ದೆ ನಾನು!

"ಸಿಗ್ನಲ್‌ನಾಗೆ ಮೇಲಿರೋದು ಕೆಂಪು, ಕೆಳಗಿರೋದು ಪಚ್ಚೆ. ಅಷ್ಟು ಗೊತ್ತಿದ್ರೆ ಸಾಕು ಬಿಡ್ಲಾ," ಎಂದಿದ್ದೆ. ಎಷ್ಟೋ ವರ್ಷ ಅದೇ ಸಾಕಾಯಿತು.

ಆಮೇಲೆ ಹೆದ್ದಾರಿಯ ತೊಪ್ಪೂರು ಘಾಟಿ ಇಳಿಜಾರಿನಲ್ಲಿ ಅಪಘಾತ ತಪ್ಪಿಸಲೆಂದೇ ರಸ್ತೆ ಕೆಲಸ ಶುರುವಾಯಿತು. ಅರ್ಧ ರಸ್ತೆ ಮುಚ್ಚಿ, ಉಳಿದರ್ಧದಲ್ಲಿ ಒಂದು ಸಲ ಈ ಕಡೆಯ ಗಾಡಿ, ಒಂದು ಸಲ ಆ ಕಡೆಯ ಗಾಡಿ ಬಿಡುತ್ತಿದ್ದರು. ಒಂದು ದಿನ ಗೋವಿಂದ ಬಂದು ನನ್ನ ಮಗ್ಗದ ಪಕ್ಕ ಕೂತ. "ಅಕ್ಕಾ, ಅಲ್ಲಿ ಒಂದೇ ದೀಪ ಇಕ್ಕವ್ರೆ. ಅದೇ ಕೆಂಪಾಯ್ತದೆ, ಅದೇ ಪಚ್ಚೆಯಾಯ್ತದೆ. ನಾ ಎಂಗೆ ಕಂಡ್ಕಳ್ಳಾದು?"

ನಾನು ತಲೆಯೆತ್ತಲಿಲ್ಲ. "ಮುಂದ್ಲ ಗಾಡಿ ಓದ್ರೆ ನೀನೂ ಓಗ್ಲಾ."

ಆ ಮಂಗಳವಾರ ಬೆಳಿಗ್ಗೆ ಅವನ ಮುಂದೆ ಗಾಡಿಯೇ ಇರಲಿಲ್ಲ.

ಕೆಂಪು ದೀಪ ಇದ್ದೂ ನಿಲ್ಲಿಸಲಿಲ್ಲ, ಎದುರು ಬರುತ್ತಿದ್ದ ಟ್ರೇಲರಿಗೆ ಗುದ್ದಿದ, ಕುಡಿದೇ ಇರಬೇಕು ಎಂದರು ಊರವರು. ನೀನು ನನ್ನ ಕೈ ಹಿಡಿದು ಕೇಳಿದೆ — "ಕುಡಿಯಲ್ಲ ಅಂತ ನನ್ ತಲೆ ಮುಟ್ಟಿ ಆಣೆ ಇಟ್ಟಿದ್ನಲ್ಲಕ್ಕಾ?" ನಾನು ತಲೆ ತಗ್ಗಿಸಿದೆ. ನೀನು ಅದನ್ನೇ ಉತ್ತರ ಅಂದುಕೊಂಡೆ. ತಿಥಿ ಮುಗಿದ ಮರುದಿನ ನೀನು ಅವನ ಫೋಟೋ ಇಳಿಸಿ ಟ್ರಂಕಿಗೆ ಹಾಕಿದೆ. ಅದನ್ನೂ ನಿಂತು ನೋಡಿದೆ ನಾನು, ಬಾಯಿ ಬಿಡಲಿಲ್ಲ — ಜನ ಏನೆಂದಾರು ಎಂದು... ಇಲ್ಲ, ನೀನು ಏನೆನ್ನುವೆ ಎಂದು.

ಈ ವಾರ ನಮ್ಮ ಬೀದಿಯಲ್ಲಿ ಮೈಕಿನ ಆಟೋ ಸುತ್ತುತ್ತಿದೆ. ಟೋಲ್‌ಗೇಟ್ ಹತ್ತಿರ ಲಾರಿ ಡ್ರೈವರುಗಳಿಗೆ ಸರ್ಕಾರದಿಂದ ಪುಕ್ಕಟೆ ಕಣ್ಣಿನ ಪರೀಕ್ಷೆಯಂತೆ. ಅದು ಕಿವಿಗೆ ಬಿದ್ದಾಗಿನಿಂದ ನನ್ನ ಮಗ್ಗ ಓಡುತ್ತಿಲ್ಲ. ಎಳೆ ಎಣಿಸಲು ಕೂತರೆ ಅವನ ದನಿ ಕೇಳುತ್ತದೆ — ಹನ್ನೆರಡು, ಎಂಟು, ಆರು — ಒಂದೂ ತಪ್ಪುವುದಿಲ್ಲ ಅವನು.

ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದಿಷ್ಟನ್ನೂ ನಾಳೆ ಬೆಳಿಗ್ಗೆ ಬಂದು ನಿನ್ನ ಮುಖ ನೋಡಿಯೇ ಹೇಳುತ್ತೇನೆ. ನೀನು ನನ್ನನ್ನು ಹೊಸ್ತಿಲು ದಾಟಿಸದಿದ್ದರೂ ಸರಿಯೇ. ಅವನ ಫೋಟೋ ಮಾತ್ರ ಗೋಡೆಗೆ ಹಾಕು, ರುಕ್ಕು. ಅವನು ಆಣೆ ಮುರಿದಿರಲಿಲ್ಲ.